ಗಡಿಯ ಕಡಲೆಕಾಯಿ

“ಕಡ್ಲೆಕಾಯಿ ಹಾಕ್ತಾವ್ನಾ?” ರಾಗಿ ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು ನರಸಿಂಹಮ್ಮ ಸೊಸೆಯ ಮುಖ ನೋಡಿದಳು. “ಇನ್ನೊಂದ್ಸಲ ಓದು.”

ಶಶಿರೇಖಾ ಇನ್‌ಲ್ಯಾಂಡ್ ಲೆಟರನ್ನು ಬೆಳಕಿಗೆ ಹಿಡಿದು ಗಂಡನ ಅಕ್ಷರಗಳನ್ನು ಮತ್ತೆ ಓದಿದಳು. ‘ಅವ್ವ, ಗಡಿ ಹತ್ತಿರ ಒಂದು ಹಳ್ಳಿಯಲ್ಲಿ ಇದ್ದೇವೆ. ದಿನವೂ ಹೊಲದ ಕೆಲಸ. ಸಾಲು ಹಿಡಿದು ಕಡಲೆಕಾಯಿ ಹಾಕುತ್ತಾ ಇದ್ದೇವೆ. ನೀನು ಯೋಚನೆ ಮಾಡಬೇಡ.’

“ನೋಡ್ದಾ, ಮಿಲ್ಟ್ರಿ ಸೇರಿದ್ರೂ ಮಣ್ಣು ಬುಡ್ಲಿಲ್ಲ ನನ್ಮಗ!” ನರಸಿಂಹಮ್ಮನ ಮುಖ ಅರಳಿತು. ಸಂಕ್ರಾಂತಿಯ ಚಳಿಯಲ್ಲಿ ಯಾರು ಕಡಲೆಕಾಯಿ ಹಾಕುತ್ತಾರೆ ಎಂಬ ಅನುಮಾನ ಬಂದರೂ ಅದಕ್ಕೆ ಅವಳೇ ಉತ್ತರ ಕಂಡುಕೊಂಡಳು. “ಆ ಕಡೆ ಕಾಲುವೆ ನೀರೈತೆ ಕಣೆ. ಮಾರ್ಕೋನಹಳ್ಳಿ ಡ್ಯಾಮಿನ ಕೆಳಗೆ ಹಾಕಲ್ವಾ, ಹಂಗೆ.”

ಅದು ಎರಡು ಸಾವಿರದ ಎರಡನೇ ಇಸವಿ. ದಿಲ್ಲಿಯ ಪಾರ್ಲಿಮೆಂಟಿನ ಮೇಲೆ ದಾಳಿಯಾದ ಮೇಲೆ ಎರಡು ದೇಶಗಳೂ ಸೈನ್ಯವನ್ನು ಗಡಿಗೆ ತಂದು ನಿಲ್ಲಿಸಿದ್ದವು. ಹಬ್ಬಕ್ಕೆ ಬರಬೇಕಾಗಿದ್ದ ಮಗ ಹನುಮಂತರಾಜುವಿನ ರಜೆ ರದ್ದಾಗಿತ್ತು. ಅವನು ನೆಲದಲ್ಲಿ ಹೂಳುತ್ತಿರುವುದು ಏನೆಂದು ಆ ಮನೆಯಲ್ಲಿ ಶಶಿರೇಖಾಳಿಗೊಬ್ಬಳಿಗೇ ಗೊತ್ತು. ಬೆಳ್ಳಾವಿಯ ಅಂಜಿನಪ್ಪನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದಾಗ ಅವನೇ ಹೇಳಿದ್ದ.

“ಮೈನು ಕಣೇ, ನೆಲಬಾಂಬು. ರೈತರ ಗೋಧಿ ಹೊಲದೊಳಗೇ ಹೂಳ್ತಿದೀವಿ. ಕಾಲಿಟ್ರೆ ಮುಗೀತು. ಅವ್ವಂಗೆ ಹೇಳ್ಬೇಡ, ಊಟ ಬುಟ್ಬುಡ್ತಾಳೆ. ಕಡ್ಲೆಕಾಯಿ ಅಂತ ಬರೀತೀನಿ, ನೀನೂ ಹಂಗೇ ಓದು.”

ಅವಳು ಹಾಗೇ ಓದಿದಳು. ಓದಿದ ಮೇಲೆ ಪ್ರತಿ ಸಲವೂ ಹಿತ್ತಲಿಗೆ ಹೋಗಿ ಸುಮ್ಮನೆ ಮುಖ ತೊಳೆದುಕೊಳ್ಳುತ್ತಿದ್ದಳು. ಗಂಡನ ಜೀವದ ಭಯವನ್ನು ಮಡಿಲಲ್ಲಿ ಕಟ್ಟಿಕೊಂಡು, ಅತ್ತೆಯ ಎದುರು ನಗುತ್ತಾ ಓಡಾಡುವುದು ಸಣ್ಣ ಕೆಲಸವಲ್ಲ.

ನರಸಿಂಹಮ್ಮನಿಗೆ ಮಾತ್ರ ನಿಶ್ಚಿಂತೆ. ನಲ್ಲಿಯ ಹತ್ತಿರ ಸಿಕ್ಕವರಿಗೆಲ್ಲ ಮಗನ ಬೇಸಾಯದ ವರದಿ ಒಪ್ಪಿಸುತ್ತಿದ್ದಳು. ಯಾರಾದರೂ ಯುದ್ಧದ ಮಾತೆತ್ತಿದರೆ, ಒಂದು ಮೊಳ ಬದುವಿಗಾಗಿ ಏಳು ವರ್ಷದಿಂದ ಮಾತು ಬಿಟ್ಟಿದ್ದ ಪಕ್ಕದ ಹೊಲದ ಅಡವಿಯಪ್ಪನನ್ನು ನೆನೆಯುತ್ತಿದ್ದಳು. “ಇದೂ ಬದುವಿನ ಜಗಳ ತಾನೆ? ಇಬ್ಬರನ್ನೂ ಕೂರ್ಸಿ ಯಾರಾದ್ರೂ ನ್ಯಾಯ ಹೇಳ್ಬೇಕಪ್ಪ.” ಸೈನ್ಯವನ್ನು ಹಿಂದಕ್ಕೆ ಕರೆಸುವ ಬುದ್ಧಿ ದೊಡ್ಡವರಿಗೆ ಬರುವುದಕ್ಕೆ ಹತ್ತು ತಿಂಗಳು ಹಿಡಿಯಿತು.

ಸುದ್ದಿ ಬಂದ ದಿನ ಶಶಿರೇಖಾ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಆದರೆ ಆ ವಾರ ಫೋನಿನಲ್ಲಿ ಹನುಮಂತರಾಜು, “ಬೇರೆಯೋರೆಲ್ಲ ಹೊಂಟವ್ರೆ. ಹಾಕಿದ್ದನ್ನ ಕೀಳೋಕೆ ನಮ್ಮನ್ನ ಇಟ್ಕೊಂಡವ್ರೆ” ಎಂದ. ಹಿಂದೆಯೇ ಕಾಗದ ಬಂತು: ‘ಅವ್ವ, ಈಗ ಕಡಲೆಕಾಯಿ ಕೀಳುತ್ತಾ ಇದ್ದೇವೆ.’

ಊರಿನಲ್ಲೂ ಕಡಲೆಕಾಯಿ ಕೀಳುವ ಕಾಲ. ನರಸಿಂಹಮ್ಮ ಬಳ್ಳಿಯಿಂದ ಕಾಯಿ ಬಿಡಿಸುತ್ತಲೇ ಉತ್ತರ ಬರೆಸಿದಳು. “ಒಂದೂ ಬುಡ್ಬೇಡ ಅಂತ ಬರಿ. ಸಾಲು ಮುಗೀತು ಅಂತ ಎದ್ದು ಬರ್ಬೇಡ, ಇನ್ನೊಂದ್ಸಲ ಕೆದಕಿ ನೋಡು. ಬಳ್ಳಿ ಕಿತ್ಮೇಲೂ ಮಣ್ಣಲ್ಲಿ ಉಳ್ಕೊಂಡಿರ್ತವೆ. ಕಂಡೋರ ಹೊಲ ಕಣಪ್ಪ, ಉಳಿಸಿ ಬಂದ್ರೆ ಪಾಪ.”

ಶಶಿರೇಖಾಳ ಪೆನ್ನು ನಿಂತಿತು. ಆ ಮಾತನ್ನು ಬಿಟ್ಟು ‘ಬೇಗ ಬಾ’ ಎಂದಷ್ಟೇ ಬರೆಯಬಹುದಿತ್ತು. ಆದರೆ ಅತ್ತೆ ಬರೆಸಿದ್ದರಲ್ಲಿ ಅವಳು ಇದುವರೆಗೂ ಒಂದಕ್ಷರ ಬದಲಾಯಿಸಿರಲಿಲ್ಲ. ಓದಿ ಅವನು ನಗುತ್ತಾನೆ, ಪಾಪ ನಗಲಿ, ಅಂದುಕೊಂಡಳು.

“ಬರ್ದಾ?”

“ಬರ್ದೆ ಅತ್ತೆ.”

ಅವನು ನಕ್ಕದ್ದೂ ನಿಜ. ಫೋನಿನಲ್ಲಿ, “ಅವ್ವ ಸರಿಯಾಗೇ ಹೇಳವ್ಳೆ ಕಣೇ. ಮಳೇಲಿ ಕೆಲವು ಜಾಗ ಬುಟ್ಟು ಸರ್ದವೆ. ರೈತರ ಮಕ್ಳು ಓಡಾಡೋ ಹೊಲ. ಮುಗಿದಿರೋ ಸಾಲನ್ನೇ ಇನ್ನೊಂದ್ಸಲ ನೋಡ್ತೀವಿ” ಎಂದಿದ್ದ. ಅದಾಗಿ ನಾಲ್ಕನೇ ದಿನಕ್ಕೆ ತುಮಕೂರಿನಿಂದ ಜೀಪು ಬಂತು.

ಬಾವುಟ ಹೊದಿಸಿದ ಪೆಟ್ಟಿಗೆಯ ಮುಂದೆ ನರಸಿಂಹಮ್ಮ ಅಳಲಿಲ್ಲ. ಬಂದ ಅಧಿಕಾರಿಯ ತೋಳು ಹಿಡಿದು ಕೇಳಿದಳು. “ಯುದ್ಧಾನೇ ಆಗ್ಲಿಲ್ವಲ್ಲ ಸ್ವಾಮಿ. ಕಡ್ಲೆಕಾಯಿ ಕೀಳೋವಾಗ ಯಾರಾದ್ರೂ ಸಾಯ್ತಾರಾ?” ಆತನಿಗೆ ಕನ್ನಡ ಬರುತ್ತಿರಲಿಲ್ಲ. ಕನ್ನಡ ಬರುವವರು ತಲೆ ತಗ್ಗಿಸಿದರು.

ಮಣ್ಣು ಮಾಡಿ ಬಂದ ಮೇಲೆ ಶಶಿರೇಖಾ ಎಲ್ಲವನ್ನೂ ಹೇಳಿದಳು. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದಳು. ನರಸಿಂಹಮ್ಮ ಸೊಸೆಯ ಕೈ ಹಿಡಿದು, “ನಂಗೂ ಹೇಳಿದ್ರೆ ಇಬ್ರೂ ಹೆದರ್ಕೊಂತಿದ್ವಲ್ಲೇ ತಾಯಿ” ಅಂದಳು. ಆಗ ಇಬ್ಬರೂ ಅತ್ತರು.

ತಿಂಗಳ ಮೇಲೆ ಅವನ ಕಬ್ಬಿಣದ ಟ್ರಂಕು ಬಂತು. ಬಟ್ಟೆಯ ಕೆಳಗೆ ದಾರ ಕಟ್ಟಿದ ಕಾಗದಗಳ ಕಂತೆ, ಎಲ್ಲವೂ ಶಶಿರೇಖಾಳ ಅಕ್ಷರ. ನರಸಿಂಹಮ್ಮ ಮೇಲಿನದನ್ನು ಬಿಡಿಸಿ ತೊಡೆಯ ಮೇಲಿಟ್ಟುಕೊಂಡಳು.

“ಕೊನೇದು ಇದೇನಾ?”

“ಹೂಂ ಅತ್ತೆ.”

“ಒಂದೂ ಬುಡ್ಬೇಡ, ತಿರ್ಗಾ ಕೆದಕು ಅಂತ ನಾನು ಬರ್ಸಿದ್ನಲ್ಲ. ಅದೆಲ್ಲೈತೆ? ತೋರ್ಸು.”

ಓದು ಬಾರದ ಮುದುಕಿಯ ಬೆರಳು ಕಾಗದದ ಮೇಲೆ ತಡವರಿಸಿ ಒಂದು ಕಡೆ ನಿಂತಿತು. ನಿಂತದ್ದು ಆ ಮಾತಿನ ಮೇಲೆಯೇ.

“ಅದು ಇದ್ರಲ್ಲಿಲ್ಲ ಅತ್ತೆ,” ಎಂದಳು ಶಶಿರೇಖಾ. “ನಾನು ಬರೀಲೇ ಇಲ್ಲ.”

“ಬರ್ದೆ ಅಂದ್ಯಲ್ಲ ಅವತ್ತು?”

“ಸುಳ್ಳು ಹೇಳ್ದೆ.”

ಮುದುಕಿ ಸೊಸೆಯನ್ನೇ ನೋಡಿದಳು. ಎಷ್ಟೋ ದಿನದಿಂದ ಬಿಗಿಹಿಡಿದಿದ್ದ ಉಸಿರು ಮೆಲ್ಲಗೆ ಹೊರಬಂತು.

“ಮತ್ತೆ ಇಲ್ಲಿ ಏನು ಬರ್ದಿದೀಯ?”

“ಬೇಗ ಬಾ ಅಂತ.”

ನರಸಿಂಹಮ್ಮ ಬೆರಳನ್ನು ಸಾಲಿನ ಮೊದಲಿಗೆ ತಂದಿಟ್ಟುಕೊಂಡಳು. ಒಂದೊಂದೇ ಅಕ್ಷರವನ್ನು ಮುಟ್ಟಿ ಮುಟ್ಟಿ, ಬೇಗ ಬಾ, ಬೇಗ ಬಾ ಎಂದು ಸಾಲಿನ ಕೊನೆಯವರೆಗೂ ಓದಿದಳು.