ನಲವತ್ತೇಳನೇ ನಂಬರಿನ ದನಿ

ಪೀಣ್ಯದಲ್ಲಿ ಒಟ್ಟು ಎಷ್ಟು ಕಾರ್ಖಾನೆಗಳಿವೆ ಎಂದು ಸರ್ಕಾರಕ್ಕೂ ಸರಿಯಾಗಿ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ಅಷ್ಟರಲ್ಲೂ ಕೆಟ್ಟು ನಿಂತ, ಕಂಪ್ಯೂಟರಿನ ಮಾತು ಕೇಳಿ ಲೋಹ ಕೊರೆಯುವ ಸಿಎನ್‌ಸಿ ಯಂತ್ರಗಳು ಗೇಟಿನಲ್ಲಿ ನನ್ನ ಬೈಕಿನ ಸದ್ದು ಕೇಳಿದ ಕೂಡಲೇ ಅರ್ಧ ಸರಿಹೋಗಿರುತ್ತವೆ. ಉಳಿದರ್ಧಕ್ಕೆ ಮಾತ್ರ ನಾನು ಸ್ಕ್ರೂಡ್ರೈವರ್ ಹಿಡಿಯಬೇಕು. ಒಮ್ಮೆ ಜಪಾನಿನಿಂದ ಬಂದ ಎಂಜಿನಿಯರೊಬ್ಬ ನನ್ನ ಹತ್ತೂ ಬೆರಳುಗಳ ಫೋಟೊ ತೆಗೆದುಕೊಂಡು ಹೋದ. ಅಲ್ಲಿ ಫ್ರೇಮ್ ಹಾಕಿಸಿ ಹೂವಿಟ್ಟಿರಬೇಕು.

ಇಂಥ ಪ್ರಸನ್ನ, ಅಂದರೆ ನಾನು, ಆರು ವರ್ಷ ಒಂದೇ ಒಂದು ದನಿಯ ಮುಂದೆ ಸೋತು ಕೂತಿದ್ದೆ.

ಮಾಕಳಿಯಲ್ಲಿ ನಮ್ಮ ಮನೆಯ ಮಹಡಿ ಮೇಲಿನ ಕೋಣೆಯೇ ನನ್ನ ಸ್ಟುಡಿಯೊ. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆಲ್ಲ ಮೊಟ್ಟೆಯ ಟ್ರೇ ಅಂಟಿಸಿದ್ದೇನೆ. ಅದಕ್ಕಾಗಿ ತುಮಕೂರು ರಸ್ತೆಯ ಕೋಳಿಗಳೆಲ್ಲ ಮೂರು ತಿಂಗಳು ಓವರ್‌ಟೈಮ್ ಮಾಡಿದವು. ಮೇಜಿನ ಮೇಲೆ ಲ್ಯಾಪ್‌ಟಾಪ್. ಅದರೊಳಗಿನ ಸಾಫ್ಟ್‌ವೇರಿನಲ್ಲಿ ಹನ್ನೆರಡು ಸಾವಿರ ದನಿಗಳಿವೆ. ಪಿಟೀಲು, ನಾಗಸ್ವರ, ಚಂದ್ರನ ಮೇಲೆ ಯಾರೋ ಬಾಗಿಲು ಹಾಕಿಕೊಂಡ ಸದ್ದು, ಏನು ಬೇಕು ಕೇಳಿ. ನನಗೆ ಬೇಕಾದದ್ದು ಮಾತ್ರ ಅಲ್ಲಿರಲಿಲ್ಲ. ಅದು ಶೈಲಜಾಳ ಸಿಂಥಸೈಜರಿನಲ್ಲಿ, ನಲವತ್ತೇಳನೇ ನಂಬರಿನಲ್ಲಿತ್ತು.

ಶೈಲಜಾ ನಮ್ಮ ಕಂಪನಿಯ ಡಿಸೈನ್ ವಿಭಾಗದಲ್ಲಿದ್ದಳು. ದಾವಣಗೆರೆ ಕಡೆಯವರು, ಆಗ ರಾಜಾಜಿನಗರದಲ್ಲಿ ಮನೆ. ಆಯುಧಪೂಜೆಗೆ ಕಂಪನಿಯ ಅಂಗಳದಲ್ಲಿ ನಡೆಯುವ ಆರ್ಕೆಸ್ಟ್ರಾದಲ್ಲಿ ಅವಳದು ಆ ಯಂತ್ರ, ನನ್ನದು ಲ್ಯಾಪ್‌ಟಾಪ್. ನೋಡಲು ಆ ಯಂತ್ರ ಹಾರ್ಮೋನಿಯಮ್ಮಿನ ದೊಡ್ಡಣ್ಣ. ಆದರೆ ಗಾಳಿಯ ಬದಲು ಕರೆಂಟು, ಮೇಲೆ ಸಾಲಾಗಿ ನಾಬ್‌ಗಳು. ಒಂದೊಂದನ್ನೇ ತಿರುಗಿಸುತ್ತ ದನಿಯನ್ನು ನಾವೇ ಕಟ್ಟಿಕೊಳ್ಳಬೇಕು. ನಾಲ್ಕು ವರ್ಷ ಊಟದ ಬಿಡುವಿನಲ್ಲಿ ನಮಗೆ ಇದೇ ಜಗಳ. ಆ ಹಳೇ ಕಬ್ಬಿಣವನ್ನು ಹೊರುವುದೇಕೆ, ಅದನ್ನೇ ಸಾಫ್ಟ್‌ವೇರ್ ಮಾಡಿ ಕೊಡುತ್ತಾರೆ, ಜೇಬಿನಲ್ಲಿಟ್ಟುಕೊಂಡು ಓಡಾಡಬಹುದು ಎಂದು ನಾನು. ಮೌಸ್ ಹಿಡಿದು ಸಂಗೀತ ಮಾಡುವವರು ಚಮಚದಲ್ಲಿ ಮುದ್ದೆ ತಿನ್ನುವವರು ಎಂದು ಅವಳು. ಈ ಜಗಳ ಕೇಳಲೆಂದೇ ಅಕ್ಕಪಕ್ಕದ ಹತ್ತು ಕಾರ್ಖಾನೆಗಳವರು ಡಬ್ಬಿ ಹಿಡಿದು ಬರುತ್ತಿದ್ದರು. ಕೊನೆಗೆ ಕ್ಯಾಂಟೀನಿನ ಗೋಡೆ ಒಡೆಸಿ ದೊಡ್ಡದು ಮಾಡಿಸಬೇಕಾಯಿತು.

ಒಂದು ಶನಿವಾರ ಮಧ್ಯಾಹ್ನ ಆರ್ಕೆಸ್ಟ್ರಾ ಅಭ್ಯಾಸಕ್ಕೆ ನಾವಿಬ್ಬರೇ ಬಂದಿದ್ದೆವು. ಮೊದಲ ಶಿಫ್ಟ್ ಮುಗಿದು ಯಂತ್ರಗಳು ಒಂದೊಂದಾಗಿ ನಿಲ್ಲುತ್ತಿದ್ದವು. ಎರಡನೆಯದು ಇನ್ನೂ ಶುರುವಾಗಿರಲಿಲ್ಲ. ಆ ಹತ್ತು ನಿಮಿಷದಲ್ಲಿ ಅವಳು ಒಂದು ದನಿ ಕಟ್ಟಿದಳು. 'ಸೆಕೆಂಡ್ ಶಿಫ್ಟ್' ಎಂದು ಹೆಸರಿಟ್ಟು ಯಂತ್ರದ ನೆನಪಿನ ನಲವತ್ತೇಳನೇ ನಂಬರಿನಲ್ಲಿ ಉಳಿಸಿದಳು. ಕೀಲಿ ಒತ್ತಿದರೆ ಅದು ಕೂಡಲೇ ಬರುತ್ತಿರಲಿಲ್ಲ. ಹೇಳಲೋ ಬೇಡವೋ ಎಂದು ಯೋಚಿಸಿ ಬಾಯಿ ತೆರೆದವರ ಹಾಗೆ ತಡವಾಗಿ ಬರುತ್ತಿತ್ತು. ತುಸು ಶ್ರುತಿ ಬಿಟ್ಟು ತೂಗುತ್ತಿತ್ತು. ಬೆರಳೆತ್ತಿದ ಮೇಲೂ ಹೋಗದೆ ನಿಂತಿರುತ್ತಿತ್ತು. ಇದರಲ್ಲಿ ನಾನು ಒಂದಕ್ಷರವನ್ನೂ ಉಬ್ಬಿಸಿಲ್ಲ.

ಮಾರನೇ ವರ್ಷ ಅವಳಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿತು, ಮನೆಯವರು ಒಂದು ಗಂಡನ್ನೂ ಗೊತ್ತುಮಾಡಿದರು. ಬೀಳ್ಕೊಡುಗೆಯ ದಿನ ನಾನು ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಕೇಳಿ ಸೆಕ್ಯೂರಿಟಿಯವನೂ ಅತ್ತ. ಹೇಳಬೇಕಾದ ಮಾತು ಅದರಲ್ಲಿರಲಿಲ್ಲ. ಆ ಸಂಬಂಧ ಮುರಿದದ್ದು ಎಷ್ಟೋ ದಿನದ ಮೇಲೆ ಗೊತ್ತಾಯಿತು. ಅವಳ ನಂಬರು ಒತ್ತಿ ಒತ್ತಿ ಅಳಿಸಿ ನನ್ನ ಎರಡು ಮೊಬೈಲಿನ ಗಾಜು ಸವೆದವು, ಫೋನ್ ಮಾತ್ರ ಮಾಡಲಿಲ್ಲ. ಅದರ ಬದಲು ಲ್ಯಾಪ್‌ಟಾಪಿನ ಮುಂದೆ ಕೂತು ಆ ದನಿಯನ್ನು ಹುಡುಕತೊಡಗಿದೆ.

ಕಳೆದ ಆಷಾಢದಲ್ಲಿ ಅವಳೇ ಮೆಸೇಜ್ ಮಾಡಿದಳು. ಅಮ್ಮನೂ ನಾನೂ ಇರುವ ಫ್ಲ್ಯಾಟು ಚಿಕ್ಕದು, ಈಗ ಎಲ್ಲವನ್ನೂ ಲ್ಯಾಪ್‌ಟಾಪಿನಲ್ಲೇ ಮಾಡುತ್ತೇನೆ, ಹೆಡ್‌ಫೋನ್ ಹಾಕಿಕೊಂಡರೆ ಯಾರಿಗೂ ತೊಂದರೆಯಿಲ್ಲ, ಹಳೆಯ ಯಂತ್ರ ನಿಮಗೆ ಬೇಕೇ ಎಂದು. ನಾಲ್ಕು ವರ್ಷ ಸಾಫ್ಟ್‌ವೇರಿನ ಪರವಾಗಿ ಗೋಡೆ ಒಡೆಸಿದ ನಾನು, ಇತ್ತೀಚೆಗೆ ಹಾರ್ಡ್‌ವೇರ್ ಬಿಟ್ಟು ಬೇರೇನನ್ನೂ ಮುಟ್ಟುವುದೇ ಇಲ್ಲವೆಂದು ಉತ್ತರ ಬರೆದೆ.

ಮಾಕಳಿಯಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೊರಡುವವರು ಮನೆಯವರ ಆಶೀರ್ವಾದ ಪಡೆದು ಹೊರಡಬೇಕು. ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ನಾನು ನುಣ್ಣಗೆ ಗಡ್ಡ ಬೋಳಿಸಿಕೊಂಡಿದ್ದೆ. ಬೊಮ್ಮನಹಳ್ಳಿ ಮುಟ್ಟುವ ಹೊತ್ತಿಗೆ ಋಷಿಯಾಗಿದ್ದೆ. ಬಾಗಿಲು ತೆರೆದವರು ಅವಳ ತಾಯಿ ರುದ್ರಮ್ಮ. ಹೆಸರು ಕೇಳಿದವರೇ, ಯಂತ್ರದ ಮಾತು ಆಮೇಲಾಗಲಿ ಎಂದು ಕೂರಿಸಿ ರೊಟ್ಟಿ ಬಡಿಸಿದರು.

"ಫ್ಯಾಕ್ಟ್ರಿ ಕತಿ ಹೇಳಿದ್ರೆ ನಮ್ ಶೈಲನ ಬಾಯಾಗೆ ನಿಂದೇ ಹೆಸರು ಬರ್ತತಪ್ಪಾ" ಎಂದರು. ನಾನು ಎಂಟು ರೊಟ್ಟಿ ತಿಂದೆ.

ಶೈಲಜಾಳ ಕಿವಿಯ ಹತ್ತಿರ ಎರಡು ಬಿಳಿ ಕೂದಲು ಬಂದಿದ್ದವು. ಯಂತ್ರ ಹಾಕಿ ತೋರಿಸಿದಳು, ಎಲ್ಲ ನಂಬರುಗಳ ದನಿಯನ್ನೂ ಕೇಳಿಸಿದಳು, ನಲವತ್ತೇಳಕ್ಕೆ ಮಾತ್ರ ಹೋಗಲಿಲ್ಲ. ನಾನೂ ಕೇಳಲಿಲ್ಲ. ಅದರ ಪುಟ್ಟ ಪರದೆಯ ಮೇಲೆ ಬ್ಯಾಟರಿ ಮುಗಿಯುತ್ತಿದೆ ಎಂಬ ಸೂಚನೆ ಮಿಣುಕುತ್ತಿತ್ತು. ಒಳಗೊಂದು ಬಿಲ್ಲೆಯಂಥ ಬ್ಯಾಟರಿ ಇದೆ, ನಾವು ಕಟ್ಟಿಟ್ಟ ದನಿಗಳನ್ನೆಲ್ಲ ಕಾಯುವುದು ಅದೇ, ಅದು ಸತ್ತರೆ ಎಲ್ಲವೂ ಹೋಗುತ್ತವೆ ಎಂದು ಬಿಡಿಸಿ ಹೇಳಿದಳು.

"ಹತ್ತು ನಿಮಿಷ ಇರಿ. ಎಲ್ಲಾನೂ ಲ್ಯಾಪ್‌ಟಾಪಿಗೆ ಇಳಿಸಿಕೊಡ್ತೀನಿ. ಆಮೇಲೆ ಬ್ಯಾಟರಿ ಬದಲಾಯಿಸಿ."

ಹೃದಯದ ಆಪರೇಷನ್ ಮಾಡುವ ಕೈಗೆ ಮುಳ್ಳು ತೆಗೆಯಲು ಪಾಠ ಹೇಳಬೇಡಿ ಎಂದೆ. ಪೀಣ್ಯದಲ್ಲಿ ದಿನಕ್ಕೆ ನಲವತ್ತು ಬ್ಯಾಟರಿ ಕಣ್ಣು ಮುಚ್ಚಿಕೊಂಡು ಬದಲಾಯಿಸುತ್ತೇನೆ ಎಂದೂ ಸೇರಿಸಿದೆ.

"ನಿಮ್ಮ ಕೈ ಮೇಲೆ ನಂಗೇನೂ ಅನುಮಾನ ಇಲ್ಲ. ಬಾಯಿ ಮೇಲೆ" ಎಂದಳು. ಆದರೂ ವೈರು ಸುತ್ತಿ ಕೊಟ್ಟಳು.

ಯಂತ್ರವನ್ನು ಎದೆಗೊತ್ತಿಕೊಂಡು ಮನೆ ಮೆಟ್ಟಿಲು ಹತ್ತುವಾಗ ನಮ್ಮಮ್ಮ ಮಾರಕ್ಕ ರಾಗಿ ಕೇರುವುದನ್ನು ನಿಲ್ಲಿಸಿ ನೋಡಿದಳು. "ಅದೇನ್ಲಾ ಅಂಗೆ ತಬ್ಕೊಂಡ್ ಬತ್ತಿದ್ದೀಯ, ಒಳಗೇನು ಎಣ್ಣು ಕುಂತವ್ಳಾ?"

ಆ ದಿನವೇ ನಲವತ್ತೇಳನ್ನು ಕೇಳಬಹುದಿತ್ತು. ಮೊದಲು ಬ್ಯಾಟರಿ ಗಟ್ಟಿಯಾಗಲಿ, ಆಮೇಲೆ ಧೈರ್ಯವಾಗಿ ಕೇಳೋಣ ಎಂದುಕೊಂಡೆ. ಮರುದಿನ ಭಾನುವಾರ ಬೆಳಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿ, ಮೇಲಿನ ಮುಚ್ಚಳ ಬಿಚ್ಚಿದೆ. ಸಿಎನ್‌ಸಿ ಯಂತ್ರದ ಬ್ಯಾಟರಿ ಬದಲಾಯಿಸುವಾಗ ಕರೆಂಟು ತೆಗೆಯಬಾರದು. ತೆಗೆದರೆ ಅದರ ನೆನಪೆಲ್ಲ ಅಳಿಸಿಹೋಗುತ್ತದೆ. ಪೀಣ್ಯದಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಕಲಿಸುವ ಮೊದಲ ಪಾಠವೇ ಇದು. ಇಲ್ಲೂ ಹಾಗೇ ಮಾಡಿದೆ. ಆದರೆ ಅಲ್ಲಿ ಬ್ಯಾಟರಿಯನ್ನು ಸುಮ್ಮನೆ ಎಳೆದು ತೆಗೆಯಬಹುದು, ಇಲ್ಲಿ ಅದಕ್ಕೆ ಬೆಸುಗೆ ಹಾಕಿದ್ದರು. ಕರೆಂಟು ಹರಿಯುತ್ತಿರುವ ಬೋರ್ಡಿಗೆ ಕಾದ ಸಾಲ್ಡರಿಂಗ್ ಕಡ್ಡಿ ಮುಟ್ಟಿಸಿದೆ. ಒಳಗೆಲ್ಲೋ ಶಾರ್ಟ್ ಆಗಿ ಪರದೆ ಒಮ್ಮೆ ಕಣ್ಣು ಮಿಟುಕಿಸಿತು, ಅಷ್ಟೇ. ಹೊಗೆಯಿಲ್ಲ, ಸದ್ದಿಲ್ಲ. ಒಂದರಿಂದ ಅರವತ್ನಾಲ್ಕರವರೆಗೆ ಎಲ್ಲ ನಂಬರುಗಳಲ್ಲೂ ಹೆಸರಿಲ್ಲದ ಒಂದೇ ಸಪ್ಪೆ ದನಿ ಉಳಿಯಿತು. ಅಂಗಡಿಯ ಬಾಗಿಲಲ್ಲಿ ಒತ್ತುವ ಬೆಲ್ಲಿನ ಹಾಗೆ.

ಸಂಜೆ ಅವಳ ಫೋನ್ ಬಂತು. ನಲವತ್ತೇಳು ಇದೆಯಾ ಎಂದಳು. ಇದೆ ಎಂದೆ. ಒಮ್ಮೆ ಕೇಳಿಸಿ ಎಂದಳು. ಪಕ್ಕದ ಸೈಟಿನಲ್ಲಿ ಬೋರ್‌ವೆಲ್ ಕೊರೆಯುತ್ತಿದ್ದಾರೆ, ಪಾತಾಳ ಮುಟ್ಟುವವರೆಗೆ ನಿಲ್ಲಿಸುವುದಿಲ್ಲವಂತೆ ಎಂದೆ. ಮರುವಾರ ಕೀಲಿಮಣೆಯ ಮೇಲೆ ಬೆಕ್ಕು ಮರಿ ಹಾಕಿತು. ಅದರ ಮುಂದಿನ ವಾರ ಇಡೀ ಮಾಕಳಿಯ ಟ್ರಾನ್ಸ್‌ಫಾರ್ಮರ್ ಸುಟ್ಟಿತು. ಅವಳು ಪ್ರತಿ ವಾರ ಕೇಳಿದಳು, ನಾನು ಪ್ರತಿ ವಾರ ಊರಿಗೊಂದು ಆಪತ್ತು ತಂದೆ. ನಡುವೆ ಆ ದನಿಯನ್ನು ಮತ್ತೆ ಕಟ್ಟಲು ಕೂರುತ್ತಿದ್ದೆ. ಲ್ಯಾಪ್‌ಟಾಪಿನಲ್ಲಿ ಕಟ್ಟಿದರೆ ಅದು ತಪ್ಪೇ ಮಾಡದೆ ಅಚ್ಚುಕಟ್ಟಾಗಿ ಬರುತ್ತಿತ್ತು. ಯಂತ್ರದಲ್ಲಿ ಕಟ್ಟಿದರೆ ತೂಗುತ್ತಿತ್ತು, ಆದರೆ ಯಾರಿಗೂ ಏನನ್ನೂ ಹೇಳಬೇಕೆಂದು ಅದಕ್ಕೆ ಅನ್ನಿಸುತ್ತಲೇ ಇರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು, ಯಾವುದು ಮೇಲೆಂದು ಇಷ್ಟು ವರ್ಷ ಗಂಟಲು ಹರಿದುಕೊಂಡದ್ದು ಯಾತಕ್ಕೆಂದು ಯೋಚಿಸುತ್ತ ಕೂರುತ್ತಿದ್ದೆ.

ಆರನೇ ವಾರ ಫೋನ್ ಬಂದಾಗ ತಕ್ಷಣಕ್ಕೆ ಭೂಕಂಪವೊಂದೇ ಉಳಿದಿತ್ತು. ಅದನ್ನು ಹೇಳಲು ನಾಲಿಗೆ ಏಳಲಿಲ್ಲ.

"ಶೈಲಜಾ, ಅದು ಇಲ್ಲ. ಅವತ್ತೇ ಹೋಯ್ತು. ಕರೆಂಟ್ ಹಾಕ್ಕೊಂಡೇ ಬೆಸುಗೆ ಬಿಡಿಸೋಕೆ ಹೋದೆ. ನಾನೇ ಅಳಿಸಿದ್ದು."

ನಿಮ್ಮ ಹತ್ತಿರ ಅದರದೊಂದು ಪ್ರತಿ ಇರಬೇಕಲ್ಲವೇ ಎಂದು ಕೇಳಿದೆ. ಇಲ್ಲವೆಂದಳು. ಲ್ಯಾಪ್‌ಟಾಪ್ ಪಕ್ಕದಲ್ಲೇ ಇರುವವಳು ಆರು ವರ್ಷದಲ್ಲಿ ಒಮ್ಮೆಯೂ ಯಾಕೆ ಇಳಿಸಿಕೊಳ್ಳಲಿಲ್ಲ ಎಂದೆ.

"ಇಳಿಸಿಕೊಂಡಿದ್ರೆ ದಿನಾ ಕೇಳ್ತಿದ್ದೆ ಕಣೋ. ದಿನಾ ಕೇಳಿ ಏನು ಮಾಡೋದು, ನೀನೇ ಹೇಳು."

ಭಾನುವಾರ ಯಂತ್ರ ತೆಗೆದುಕೊಂಡು ಬಾ ಎಂದು ಹೇಳಿ ಫೋನಿಟ್ಟಳು.

ಅವರ ಊಟದ ಮೇಜಿನ ಮೇಲೆ ಯಂತ್ರವನ್ನಿಟ್ಟೆವು. ನಾಬ್‌ಗಳು ಅವಳ ಕೈಯಲ್ಲಿ. ಕೇಳಿಸಿಕೊಳ್ಳುವುದು ನನ್ನ ಕೆಲಸ. ಇದ್ದದ್ದು ಇದ್ದ ಹಾಗೆ ಹೇಳಬೇಕು, ಒಂದು ಬೊಟ್ಟು ಜಾಸ್ತಿ ಮಾಡಿದರೂ ನಿಲ್ಲಿಸಿಬಿಡುತ್ತೇನೆ ಎಂದಳು. ಇನ್ನೂ ತಡವಾಗಿ ಬರುತ್ತಿತ್ತು ಎಂದೆ. ಇಷ್ಟು ತಡವಲ್ಲ ಎಂದಳು. ಶ್ರುತಿ ಇಷ್ಟು ಜಾರುತ್ತಿರಲಿಲ್ಲ ಎಂದೆ, ನೀನು ಯಾವತ್ತು ಶ್ರುತಿಯಲ್ಲಿದ್ದೆ ಎಂದಳು. ರುದ್ರಮ್ಮ ಎರಡು ಸಲ ಕಾಫಿ ತಂದಿಟ್ಟರು, ಎರಡೂ ಸಲ ಆರಿಹೋಯಿತು. ಮೂರು ಗಂಟೆಯ ಸುಮಾರಿಗೆ ಶೈಲಜಾ ಒಂದು ನಾಬನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿ ಕೀಲಿ ಒತ್ತಿದಳು.

ತಡವಾಗಿ ಬಂತು. ಬೆರಳೆತ್ತಿದಳು. ಹೋಗದೆ ನಿಂತಿತು.

ಹಳೆಯದೇ ಹೌದೋ ಅಲ್ಲವೋ ನಾನು ಆಣೆ ಮಾಡಿ ಹೇಳಲಾರೆ. ಬೇಗ ಉಳಿಸಿಕೋ ಎಂದೆ. ಒಂದು ಬಟನ್ ಒತ್ತಿದರೆ ಯಂತ್ರದಲ್ಲೇ ಉಳಿಯುತ್ತದೆ, ವೈರು ಚುಚ್ಚಿದರೆ ಲ್ಯಾಪ್‌ಟಾಪಿನಲ್ಲೂ ಇರುತ್ತದೆ. ಏನೂ ಮಾಡದೆ ಆಫ್ ಮಾಡಿದರೆ ಕಟ್ಟಿದ್ದೆಲ್ಲ ಹೋಗುತ್ತದೆ. ಇದು ನನಗಿಂತ ಅವಳಿಗೇ ಚೆನ್ನಾಗಿ ಗೊತ್ತು.

"ಇನ್ನೂ ಸ್ವಲ್ಪ ವ್ಯತ್ಯಾಸ ಇದೆ" ಎಂದಳು.

"ಇಲ್ಲ. ಇದೇ."

"ಇದೆ. ಮುಂದಿನ ಭಾನುವಾರ ನೋಡೋಣ."

ಸ್ವಿಚ್ಚಿನ ಮೇಲೆ ಕೈಯಿಟ್ಟು ನನ್ನ ಮುಖ ನೋಡಿದಳು. ನಾನು ಬೇಡವೆನ್ನಲಿಲ್ಲ. ಯಂತ್ರ ಆಫ್ ಆಯಿತು.

ಹಾಗಾದರೆ ಇದನ್ನು ಹೊತ್ತುಕೊಂಡು ಹೋಗಿ ಮತ್ತೆ ತರಲೇ ಎಂದು ಕೇಳಿದೆ. ಉತ್ತರ ಅಡುಗೆಮನೆಯಿಂದ ಬಂತು.

"ಅಲ್ಲೇ ಇರ್ಲಿ ಬಿಡಪ್ಪಾ. ನಾವು ನೆಲದ ಮ್ಯಾಲೆ ಕುಂತು ಉಣ್ತೀವಿ."