ನೀಲಿ ಮುಚ್ಚಳದ ಟ್ಯೂಬು

ಹೈಟೆಕ್ ಸಿಟಿಯಲ್ಲಿ ಗಾಜಿನ ಕಟ್ಟಡಗಳು ಏಳುತ್ತಿದ್ದ ಆ ಬೇಸಿಗೆ, ಇತ್ತ ನಾಚಾರಂನ ಕೂಲಿಯವರ ಶೆಡ್ಡುಗಳಲ್ಲಿ ಕಾಮಾಲೆ ಹಬ್ಬಿತ್ತು. ಸಿಕಂದರಾಬಾದಿನ ಆಸ್ಪತ್ರೆಯೊಂದರಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದ ವಾಸಂತಿಗೆ ಬಸುರಿಯರ ವಾರ್ಡಿನದೇ ಹೆಚ್ಚಿನ ಭಯ. ಬೇರೆಯವರನ್ನು ಹದಿನೈದು ದಿನ ಮಲಗಿಸಿ ಬಿಟ್ಟುಬಿಡುವ ವೈರಸ್ಸು ಬಸುರಿಯನ್ನು ಎರಡೇ ದಿನದಲ್ಲಿ ಕೊಂಡೊಯ್ದದ್ದುಂಟು. ಯಾರಿಗೆ ಹಾಗಾದೀತು ಎಂದು ಕಣ್ಣಿನ ಹಳದಿ ಹೇಳುವುದಿಲ್ಲ. ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಹೇಳುತ್ತದೆ. ಸಮಯ ಹೆಚ್ಚಿದರೆ ಯಕೃತ್ತು ಸೋಲುತ್ತಿದೆ ಎಂದೇ ಲೆಕ್ಕ.

ಕಣ್ಣು ಹಳದಿಯಾಗಿದ್ದ ಏಳು ತಿಂಗಳ ಬಸುರಿ ಸುವರ್ಣಾಳನ್ನು ಅತ್ತೆ ಗದಿಗೆಮ್ಮ ಕರೆತಂದಿದ್ದಳು. ವಾಸಂತಿಯ ಬಾಯಲ್ಲಿ ಕನ್ನಡ ಕೇಳಿದ್ದೇ ತಡ, ಲಿಂಗಸುಗೂರಿನ ಮುದುಕಿಗೆ ತವರಿನವರೇ ಸಿಕ್ಕಂತಾಯಿತು. ಹೆಪ್ಪುಗಟ್ಟುವ ಸಮಯ ನೋಡಲೆಂದೇ ಇರುವ ನೀಲಿ ಮುಚ್ಚಳದ ಟ್ಯೂಬು ಅರ್ಧ ತುಂಬಿದಾಗ ಅವಳು ಕೈ ಅಡ್ಡ ತಂದಳು.

"ಸಾಕ್ರೀ ಅಕ್ಕಾರ. ಒಂದ ಮೈಯಾಗ ಎರಡು ಜೀವ ಅದಾವ. ನಮ್ಮವರು ಅಂತ ಕೇಳಾಕತ್ತೀನಿ."

ಗೆರೆಯವರೆಗೆ ರಕ್ತ ತುಂಬದಿದ್ದರೆ ಹೆಪ್ಪುಗಟ್ಟದಂತೆ ಟ್ಯೂಬಿನೊಳಗೆ ಹಾಕಿರುವ ಔಷಧದ ಪಾಲು ಹೆಚ್ಚಾಗಿ, ಪರೀಕ್ಷೆ ಸುಳ್ಳೇ ಹೆಚ್ಚು ಸಮಯ ತೋರಿಸುತ್ತದೆಂದು ವಾಸಂತಿಗೆ ಗೊತ್ತಿತ್ತು. ಬೇರೆ ಯಾರೇ ಕೇಳಿದ್ದರೂ ಬಿಡುತ್ತಿರಲಿಲ್ಲ. ಅಂದು ಸೂಜಿ ತೆಗೆದುಬಿಟ್ಟಳು. ಗಡಿಬಿಡಿಯಲ್ಲಿದ್ದ ಲ್ಯಾಬಿನವರೂ ಅದನ್ನು ಗಮನಿಸಲಿಲ್ಲ.

ಮಧ್ಯಾಹ್ನ ರಿಪೋರ್ಟು ಬಂತು. ಹದಿಮೂರರ ಆಸುಪಾಸು ಇರಬೇಕಾದಲ್ಲಿ ಇಪ್ಪತ್ತಾರು ಸೆಕೆಂಡು. ಸುವರ್ಣಾಳ ಮಂಚದ ಬಳಿಯೇ ಅದನ್ನು ನೋಡಿದ ಡಾಕ್ಟರ್ ಸೀತಾರಾಮ ಐಸಿಯುಗೆ ಹೇಳಿಕಳಿಸಿದರು. ಇವತ್ತೇ ಹೆರಿಗೆ ಮಾಡಿಸಬೇಕು, ಮಗುವಿನ ಬಗ್ಗೆ ಏನೂ ಹೇಳಲಾರೆ ಎಂದರು. ಬಾಗಿಲಲ್ಲಿದ್ದ ವಾಸಂತಿಗೆ ಅದು ಕೇಳಿಸಿತು. ಬಾಯಿಬಿಟ್ಟರೆ ಕೆಲಸಕ್ಕೆ ಕುತ್ತು. ಆದರೂ ಒಳಗೆ ಬಂದಳು.

"ಸರ್, ಆ ರಿಪೋರ್ಟು ನಂಬಬೇಡಿ. ಟ್ಯೂಬನ್ನು ನಾನು ಅರ್ಧವೇ ತುಂಬಿದ್ದೆ."

ಡಾಕ್ಟರ ಮುಖ ಬಿಗಿಯಾಯಿತು. ಅಷ್ಟರಲ್ಲಿ ಗದಿಗೆಮ್ಮ ನಡುವೆ ಬಂದು ನಿಂತಳು.

"ಆಕಿಗೆ ಬೈಬ್ಯಾಡ್ರಿ ಸಾಹೇಬ್ರ. ಸಾಕು ಅಂದಾಕಿ ನಾನು. ಬೈಯೂದಿದ್ರ ಈ ಮುದಿ ಗೂಬಿಗೆ ಬೈರಿ."

ಡಾಕ್ಟರು ಏನೂ ಬೈಯಲಿಲ್ಲ. ಅರ್ಧ ಗಂಟೆ ಕಾಯುತ್ತೇನೆ, ಮತ್ತೆ ತೆಗೆಯಿರಿ ಎಂದರಷ್ಟೆ.

ಈ ಸಲ ಗದಿಗೆಮ್ಮ ಗೆರೆಯನ್ನೇ ದಿಟ್ಟಿಸುತ್ತ, ಇನ್ನೂ ತುಂಬಲಿ, ಇನ್ನೂ ತುಂಬಲಿ ಎನ್ನುತ್ತಿದ್ದಳು. ಸುವರ್ಣಾ ಸೋತ ದನಿಯಲ್ಲೇ ಚುಚ್ಚಿದಳು: "ಅತ್ತಿ, ನನ್ನ ರಕ್ತದ ಮ್ಯಾಲಿನ ಕಾಳಜಿ ಇಷ್ಟ ಲಗೂ ಹೋತೇನ್ರಿ?"

ಹೊಸ ರಿಪೋರ್ಟಿನಲ್ಲಿ ಹದಿನಾಲ್ಕು ಸೆಕೆಂಡು. ಹೆರಿಗೆ ಬೇಡ, ವಾರ್ಡಿನಲ್ಲೇ ಇರಲಿ, ದಿನಾ ಬೆಳಿಗ್ಗೆ ಇದೇ ಪರೀಕ್ಷೆಯಾಗಲಿ ಎಂದು ಡಾಕ್ಟರು ಬರೆದರು.

ಅಳೆದು ತೂಗಿ ಮಾತಾಡುತ್ತಲೇ ತನ್ನನ್ನು ತಾನು ಕಾಯ್ದುಕೊಂಡು ಬಂದವಳು ವಾಸಂತಿ. ಬೆಳಿಗ್ಗೆಯಷ್ಟೇ ಪರಿಚಯವಾದ ಹೆಂಗಸು ತನಗಾಗಿ ಎದ್ದು ನಿಂತದ್ದನ್ನು ನೆನೆದು, ಬಗ್ಗಿ ಅವಳ ಕಾಲು ಮುಟ್ಟಹೋದಳು. ಗದಿಗೆಮ್ಮ ಸರಕ್ಕನೆ ಹಿಂದೆ ಸರಿದಳು.

"ಜಡ್ಡಿನವರ ವಾರ್ಡಿನಾಗ ಕಾಲು ಮುಟ್ಟತಾರೇನವ್ವ? ಮೊದಲ ಕೈ ತೊಳಕೋ ಹೋಗು," ಎಂದು ಗದರಿ, ತಾನೇ ನಲ್ಲಿ ತಿರುಗಿಸಿಕೊಟ್ಟಳು.