ಹಾಲಿಗೆ ಬಿದ್ದ ಉಪ್ಪು

"ನನ್ನ ತಲೆಗೆ ವಿಜ್ಞಾನ ಹತ್ತಲ್ಲ ಅಜ್ಜಿ, ನಾನು ದಡ್ಡಿ!" ಮೊಮ್ಮಗಳು ಪುಸ್ತಕವನ್ನು ಮೂಲೆಗೆ ಎಸೆದಾಗ ಅಜ್ಜಿಯ ಕರುಳು ಚುರುಕ್ಕೆಂದಿತು. ಪ್ರಶ್ನೆ ಕೇಳಿ ಕೇಳಿ ಎಲ್ಲರ ತಲೆ ತಿನ್ನುತ್ತಿದ್ದ ಹುಡುಗಿ ಇವಳು. ಅದಕ್ಕೇ ಮನೆಯವರು ಇವಳನ್ನು 'ಪಟಾಕಿ' ಎನ್ನುತ್ತಿದ್ದರು. ಈಗ ಬಾಯಿಪಾಠ ಮಾಡುವುದು, ಮರೆಯುವುದು, ಅಳುವುದು, ಇಷ್ಟೇ.

ಹುಡುಗಿಯ ಅಳು ಕೇಳಿಸಿಕೊಂಡ ಎದುರುಮನೆಯ ಟೀಚರಮ್ಮ ಐಸ್ ತುಂಬಿದ ಡಬ್ಬಿ ಹಿಡಿದು ಬಂದರು. "ಅಡುಗೆಮನೆ ಸ್ವಲ್ಪ ಹೊತ್ತು ನಮಗೆ ಬಿಟ್ಟುಕೊಡಿ. ಐಸ್‌ಕ್ರೀಮ್ ಮಾಡ್ತಾ ಪಾಠ ಕಲೀತೀವಿ."

"ಅಡುಗೆಮನೆ ಏನು ಆಟದ ಬಯಲಾ?" ಅಜ್ಜಿ ಸೊಂಟಕ್ಕೆ ಕೈಯಿಟ್ಟರು. ಅಲ್ಲಿ ಅವರದೇ ರಾಜ್ಯಭಾರ. ಸೊಸೆಯೂ ಕೇಳದೆ ಸೌಟು ಮುಟ್ಟುವಂತಿರಲಿಲ್ಲ. "ಸುಮ್ಮನೆ ಹಾಲು ದಂಡ."

"ದಂಡ ಯಾಕೆ? ತಿಂತೀವಲ್ಲ!"

ಮೊಮ್ಮಗಳ ಸಪ್ಪೆ ಮುಖ ನೋಡಿ ಅಜ್ಜಿ ಒಪ್ಪಿದರು. ಎಲ್ಲರೂ ಕೈ ತೊಳೆದರು. ಮುಚ್ಚಳದ ಲೋಟಕ್ಕೆ ಹಾಲು, ಸಕ್ಕರೆ ಬಿತ್ತು. ಲೋಟ ಐಸ್ ಪಾತ್ರೆಯಲ್ಲಿ ಕೂತಿತು. "ಐಸ್‌ಗೆ ಎರಡು ಹಿಡಿ ಉಪ್ಪು ಹಾಕಿ, ಬಂದೆ" ಎಂದು ಟೀಚರಮ್ಮ ಪಾತ್ರೆಗೆ ಸುತ್ತುವ ಬಟ್ಟೆ ತರಲು ಮನೆಗೆ ಓಡಿದರು.

ಐಸ್‌ಗೆ ಉಪ್ಪೇ? ಪಾಪ, ಬಾಯಿ ತಪ್ಪಿರಬೇಕು. ಅಜ್ಜಿ ಸದ್ದಿಲ್ಲದೆ ಹಾಲಿಗೇ ಒಂದು ಚಮಚ ಉಪ್ಪು ಹಾಕಿ ಮುಚ್ಚಳ ಬಿಗಿದರು.

"ಉಪ್ಪು ಹಾಕಿದ್ರಾ?" ಟೀಚರಮ್ಮ ಬಟ್ಟೆ ತಂದವರೇ ಕೇಳಿದರು.

"ಹಾಕದೆ ಇರ್ತೀನಾ!"

ಮೂವರೂ ಸರದಿಯಂತೆ ಲೋಟ ತಿರುಗಿಸಿದರು. ಕೈ ಸೋತಿತು, ಹಾಲು ಮಾತ್ರ ಹಾಲಾಗಿಯೇ ಉಳಿಯಿತು. ಹುಡುಗಿ ರುಚಿ ನೋಡಿ ಮುಖ ಕಿವುಚಿದಳು. "ನೋಡಿದ್ರಾ? ನಾನು ಮುಟ್ಟಿದ್ದೆಲ್ಲ ಕೆಡುತ್ತೆ."

ಅಜ್ಜಿಗೆ ತಡೆಯಲಾಗಲಿಲ್ಲ. "ನೀನಲ್ಲ ಕಂದಾ, ಕೆಡಿಸಿದ್ದು ನಾನು. ಉಪ್ಪು ಹಾಲಿಗೆ ಹಾಕ್ಬಿಟ್ಟೆ!"

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಿದ್ದ ಹುಡುಗಿ ತಟ್ಟನೆ ಕೇಳಿದಳು. "ಅಂದ್ರೆ ಐಸ್‌ಗೇ ಯಾಕೆ ಹಾಕ್ಬೇಕು? ಹಾಕಿದ್ರೆ ಏನಾಗುತ್ತೆ?"

ಆ 'ಯಾಕೆ' ಕೇಳಿ ಅಜ್ಜಿಗೆ ಹೋದ ಜೀವ ಬಂದಂತಾಯಿತು.

"ನೀನೇ ನೋಡು" ಎಂದ ಟೀಚರಮ್ಮ ಎರಡು ಪಾತ್ರೆಗಳಲ್ಲಿ ಐಸ್ ತುಂಬಿ, ಎರಡರಲ್ಲೂ ಸಿಹಿ ಹಾಲಿನ ಲೋಟವಿಟ್ಟರು. ಒಂದರ ಐಸ್‌ಗೆ ಮಾತ್ರ ಉಪ್ಪು. ಬಟ್ಟೆ ಸುತ್ತಿ ತಿರುಗಿಸಿದರು. ಉಪ್ಪು ಬಿದ್ದ ಕಡೆ ಹಾಲು ಗಟ್ಟಿಯಾಯಿತು, ಇನ್ನೊಂದರಲ್ಲಿ ಬರೀ ತಣ್ಣಗಾಯಿತು.

"ಉಪ್ಪು ಬೆರೆತ ಐಸ್ ಸೊನ್ನೆ ಡಿಗ್ರಿಗಿಂತ ತಣ್ಣಗಿದ್ರೂ ಕರಗುತ್ತೆ. ಕರಗೋಕೆ ಐಸ್‌ಗೆ ಶಾಖ ಬೇಕಲ್ಲ, ಅದು ಎಲ್ಲಿಂದ ಬರುತ್ತೆ?" ಟೀಚರಮ್ಮ ಕೇಳಿದರು.

"ಹಾಲಿಂದ! ಅದಕ್ಕೇ ಹಾಲು ಗಟ್ಟಿಯಾಯ್ತು!" ಹುಡುಗಿ ಕುಣಿದಳು. ಬಾಯಿ ತುಂಬ ಐಸ್‌ಕ್ರೀಮ್ ಇದ್ದರೂ ಪ್ರಶ್ನೆ ನಿಲ್ಲಲಿಲ್ಲ. "ಅಜ್ಜಿ, ನಿಂಬೆರಸ ಹಿಂಡಿದ್ರೆ ಹಾಲು ಯಾಕೆ ಒಡೆಯುತ್ತೆ?"

"ನಂಗೇನು ಗೊತ್ತೇ? ಸೌಟು ತಗೊಂಡು ಬಾ, ನೋಡೇಬಿಡೋಣ."

ಅಪ್ಪ ಅಮ್ಮಂದಿರೇ, ಅಜ್ಜಿ ತಾತಂದಿರೇ, ವಾರಕ್ಕೊಮ್ಮೆ ಮಕ್ಕಳನ್ನು ಅಡುಗೆಮನೆಗೆ ಕರೆಯಿರಿ. ಬೆಂಕಿ, ಚಾಕು ನಿಮ್ಮ ಕೈಯಲ್ಲಿರಲಿ. ಉಪ್ಪು ಬೆರೆತ ಐಸನ್ನು ಬರಿಗೈಯಲ್ಲಿ ಮುಟ್ಟಬೇಡಿ, ಆ ಚಳಿಗೆ ಚರ್ಮ ಸುಟ್ಟಂತಾಗುತ್ತದೆ. ಮಾಡಿದ್ದು ಕೆಟ್ಟರೆ ನಕ್ಕುಬಿಡಿ, ಚೆನ್ನಾದರೆ ಹಂಚಿ ತಿನ್ನಿ. ಮಗು 'ಯಾಕೆ' ಎಂದಾಗ ಉತ್ತರ ಗೊತ್ತಿಲ್ಲವೆಂದು ಬಾಯಿ ಮುಚ್ಚಿಸಬೇಡಿ. ಜೊತೆಗೆ ಕೂತು ಮಾಡಿ ನೋಡಿ.